ಬೂದಿಯಲ್ಲಿ ಸಿಗದ ಕಣ್ಣು

"ಸಾಹೇಬ್ರೆ, ಇನ್ನೂ ಏನು ಹುಡುಕ್ತೀರಿ ಅದ್ರಾಗೆ? ಬೂದಿಯಾಗೆ ಬಂಗಾರ ಸಿಗ್ತತೇನ್ರಿ?"

ಬೇವಿನ ನೆರಳಲ್ಲಿ ಕೂತ ದಫೇದಾರ ಹೀಗೆ ಕೂಗಿದಾಗ ನಾನು ಸುಟ್ಟ ದೋಣಿಮನೆಯ ನಡುವೆ ಕುಕ್ಕರಗಾಲಲ್ಲಿ ಕೂತು ಕೋಲಿನಿಂದ ಬೂದಿ ಕೆದಕುತ್ತಿದ್ದೆ. ಮೇಲೆ ಛಾವಣಿಯಿಲ್ಲ, ವೈಶಾಖದ ಸೂರ್ಯ ನೆತ್ತಿಯ ಮೇಲೆಯೇ ಕೂತಿದ್ದ.

"ಸಿಕ್ಕರೆ ನಿನಗೂ ಪಾಲು ಕೊಡ್ತೀನಿ, ಸುಮ್ಮನೆ ಕೂತ್ಕೊಳಪ್ಪ" ಎಂದೆ. ಮಾತೇನೋ ಗಟ್ಟಿಯಾಗಿ ಬಂತು, ಕೋಲನ್ನು ಮಾತ್ರ ಎರಡೂ ಕೈಯಿಂದ ಹಿಡಿದಿದ್ದೆ.

ನಾನು ಪುಕ್ಕಲ. ಮುಚ್ಚಿಟ್ಟು ಏನು ಬಂತು? ಹಲ್ಲಿ ಲೊಚಗುಟ್ಟಿದರೂ ಈತನ ಎದೆ ಡವಗುಟ್ಟುತ್ತದೆ ಎಂದು ನನ್ನ ಹೆಂಡತಿ ಮರುಳಸಿದ್ದಮ್ಮ ಬೀಗರ ಮುಂದೆಯೇ ಹೇಳುತ್ತಾಳೆ. ವಿಮಾ ಕಂಪನಿಯ ತನಿಖಾಧಿಕಾರಿ ಮುರುಗೇಶಪ್ಪ ಎಂದರೆ ದಾವಣಗೆರೆಯ ಮಂಡಿಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಹತ್ತಿ ಗೋದಾಮು ಸುಟ್ಟಲ್ಲೆಲ್ಲ ನಾನು ಹಾಜರು. ಉರಿಯೋ ಮನೇಲಿ ಗಳ ಹಿರಿಯೋನು ಬಂದ ಅಂತ ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಹತ್ತಿ ಸುಟ್ಟರೆ ನನಗೆ ಭಯವಿಲ್ಲ, ಹತ್ತಿಗೆ ಹೆಂಡತಿ ಮಕ್ಕಳಿಲ್ಲ. ಇಲ್ಲಿ ಮನುಷ್ಯ ಸುಟ್ಟಿದ್ದ.

ಹೊಳೆ ಬತ್ತಿದ ಮೇಲೆ ಹೊಸ ನೀರು ಬರುವ ತನಕ ಹರಿಹರದ ದೋಣಿ ಗುತ್ತಿಗೆದಾರ ವಾಮದೇವಪ್ಪನವರ ಮೂರು ದೋಣಿಗಳು ಇದೇ ದೋಣಿಮನೆಯಲ್ಲಿ ಇರುತ್ತಿದ್ದವು; ಕಳೆದ ಶುಕ್ರವಾರ ಹಾಡಹಗಲೇ ಮೂರೂ ಸುಟ್ಟವು, ಒಳಗಿದ್ದ ಕಾವಲುಗಾರ ಮಕ್ತುಮ್ ಸಾಬ್ ಮುಖ ಮೈ ಬೆಂದು ದಾವಣಗೆರೆಯ ದವಾಖಾನೆಯಲ್ಲಿ ಮಾತಿಲ್ಲದೆ ಮಲಗಿದ್ದ.

ಮಕ್ತುಮ್ ಸಾಬನ ಬೀಡಿಯ ಕಿಡಿಯಿಂದಲೇ ಬೆಂಕಿ ಬಿತ್ತು ಎಂದು ಪೊಲೀಸರು ತೀರ್ಮಾನಿಸಿ ಆಗಿತ್ತು. ನಾನೂ ಹಾಗೆಯೇ ವರದಿ ಬರೆದರೆ ವಾಮದೇವಪ್ಪನವರಿಗೆ ಪರಿಹಾರ, ಮಕ್ತುಮ್ ಸಾಬ್ ಬದುಕಿ ಉಳಿದರೆ ಅವನಿಗೆ ಜೈಲು. ಅವನ ಹೆಂಡತಿ ಮಾಬೂಬೀ ನಿನ್ನೆ ದವಾಖಾನೆಯ ಜಗಲಿಯಲ್ಲಿ ನನ್ನ ಕಾಲು ಹಿಡಿದುಬಿಟ್ಟಿದ್ದಳು.

"ಅಲ್ಲಾ ಕಸಮ್ ಸಾಬ್, ನನ್ನ ಗಂಡ ಬೀಡಿ ಮುಟ್ಟಿದೋರಲ್ಲ. ಸೊಳ್ಳೆಪರದೆ ಹೊರಗೆ ನಿಂತು ನೋಡಿ ಬರ್ತೀನಿ, ಹತ್ರ ಬಿಡೋದಿಲ್ಲ ಡಾಕ್ಟರು. ಸಾಯೋದಿದ್ರೆ ಸಾಯ್ಲಿ, ಆದ್ರೆ ಬೆಂಕಿ ಇಟ್ಟೋನು ಅನ್ನಿಸ್ಕಂಡು ಸಾಯ್ಬಾರ್ದು."

ನೋಡೋಣ ತಾಯಿ ಎಂದಿದ್ದೆ. ಆ ಒಂದು ಮಾತು ನನ್ನನ್ನು ಈ ಬೂದಿಯಲ್ಲಿ ತಂದು ಕೂರಿಸಿತ್ತು.

ಬೂದಿಯಲ್ಲಿ ಮೊಳೆಗಳು ಸಿಕ್ಕವು, ರಾಶಿ ರಾಶಿ. ಕಬ್ಬಿಣದ ಬಳೆಗಳು ಸಿಕ್ಕವು. ದೋಣಿ ಕಟ್ಟುವ ದಪ್ಪ ಸರಪಳಿ ಹಾಗೆಯೇ ಬಿದ್ದಿತ್ತು. ಸಿಗದೇ ಇದ್ದದ್ದು ಒಂದೇ, ಹಿತ್ತಾಳೆ.

ಚಳಿಗಾಲದಲ್ಲಿ ವಿಮೆಗೆ ಮುಂಚೆ ದೋಣಿ ನೋಡಲು ಬಂದವನು ನಾನೇ. ಒಂದೊಂದು ದೋಣಿಯ ಮೂತಿಗೂ ಒಂದು ಜೋಡಿ ಹಿತ್ತಾಳೆ ಕಣ್ಣು ಬಡಿದಿದ್ದರು, ಅರಿಶಿನ ಕುಂಕುಮ ಹಚ್ಚಿದ್ದರು. "ಗಂಗವ್ವನ ಕಣ್ಣು ಸಾಹೇಬ್ರೆ. ದಾರಿ ನೋಡಾಕೆ ಆಕೆ, ನಾವು ಬರೇ ಹುಟ್ಟು ಹಾಕೋರು" ಎಂದಿದ್ದ ಅಂಬಿಗರ ಹಿರಿಯ ಅಜ್ಜಯ್ಯ. ದೋಣಿ ಹಳತಾಗಿ ಒಡೆಯುವ ಕಾಲ ಬಂದರೆ ಮೊದಲು ಕಣ್ಣು ಕೀಳುತ್ತಾರಂತೆ. ಕಣ್ಣಿರುವ ದೋಣಿಗೆ ಕೊಡಲಿ ಹಾಕಿದರೆ ತಾಯಿಯ ಮುಖಕ್ಕೇ ಹಾಕಿದ ಪಾಪವಂತೆ. ಕಿತ್ತ ಕಣ್ಣನ್ನು ಮಣ್ಣಲ್ಲಿ ಮುಚ್ಚಿಟ್ಟು, ಹೊಸ ನೀರು ಬಂದಾಗ ಹೊಳೆಗೆ ಬಿಡುವುದು ಅವರ ಪದ್ಧತಿ. ವಾಮದೇವಪ್ಪನವರು ಅಂದು ಪಕ್ಕದಲ್ಲೇ ನಿಂತು ನಕ್ಕಿದ್ದರು.

ಹಿತ್ತಾಳೆ ಕರಗಬಹುದು, ಹೊಗೆಯಾಗಿ ಹೋಗುವುದಿಲ್ಲ. ಕರಗಿದ ಗಟ್ಟಿಯಾದರೂ ಇರಬೇಕಿತ್ತು. ಕಳ್ಳನಾದರೆ ಮೊದಲು ಸರಪಳಿ ಹೊರುತ್ತಿದ್ದ. ಮಕ್ತುಮ್ ಸಾಬನಿಗೆ ಗಂಗವ್ವನ ಭಯ ಯಾಕೆ? ವಾಮದೇವಪ್ಪನವರಿಗಂತೂ ಯಾರ ಭಯವೂ ಇಲ್ಲ.

ಹಾಗಾದರೆ ಬೆಂಕಿ ಬೀಳುತ್ತದೆ ಎಂದು ಮೊದಲೇ ಗೊತ್ತಿದ್ದವನು, ಪೊಲೀಸರಿಗಿಂತ ಗಂಗವ್ವನಿಗೆ ಹೆಚ್ಚು ಹೆದರುವವನು ಈ ಕಣ್ಣುಗಳನ್ನು ಕಿತ್ತಿದ್ದ.

ಬೆನ್ನು ನೆಟ್ಟಗೆ ಮಾಡಲು ಎದ್ದು ಬಾಗಿಲ ಕಡೆ ಬಂದೆ. ಅರೆಸುಟ್ಟ ಬಾಗಿಲು ಚೌಕಟ್ಟಿನ ಸಮೇತ ಹೊರಕ್ಕೆ ಮಗುಚಿ ಬಿದ್ದಿತ್ತು. ಅದರ ಮೇಲಿನ ಮಸಿಯನ್ನು ಕಾಲಿಂದ ಸರಿಸಿದೆ. ಚಿಲಕದ ಸರಪಳಿ ಕಂಡಿತು.

ಸರಪಳಿ ಚೌಕಟ್ಟಿನ ಕೊಂಡಿಗೆ ಸಿಕ್ಕಿಸಿದ ಹಾಗೆಯೇ ಇತ್ತು. ಹೊರಗಿನಿಂದ.

ಅಯ್ಯೋ ಶಿವನೇ! ಮುಂಬಾಗಿಲಿಗೂ ಉರಿ ಹತ್ತಿದ ಮೇಲೆ ಬಂದ ಜನ ಹಿಂದಿನ ಗೋಡೆ ಒಡೆದು ಅವನನ್ನು ಎಳೆದಿದ್ದರು; ಅಲ್ಲಿಯ ತನಕ ಅವನು ತಾನಾಗಿ ಹೊರಬರದೇ ಇದ್ದದ್ದು ಯಾಕೆಂದು ಈಗ ತಿಳಿಯಿತು. ಒಳಗೆ ಜೀವಂತ ಮನುಷ್ಯ, ಸುತ್ತ ಬೆಂಕಿ, ಹೊರಗೆ ಚಿಲಕ.

"ಏನ್ ಸಿಕ್ತು ಮುರುಗೇಶಪ್ಪನೋರೆ?"

ಬೆಚ್ಚಿಬಿದ್ದೆ. ವಾಮದೇವಪ್ಪನವರು ನನ್ನ ಬೆನ್ನಿಗೇ ನಿಂತಿದ್ದರು. ಬೆಳ್ಳನೆ ಧೋತರ, ಹಣೆ ತುಂಬ ವಿಭೂತಿ, ಕೈಯಲ್ಲಿ ಬೆಳ್ಳಿ ಹಿಡಿಕೆಯ ಕೋಲು. ಬಂದ ಸದ್ದೇ ಆಗಿರಲಿಲ್ಲ. ಕೊಂಡಿಯ ಮೇಲೆ ಮೆಲ್ಲಗೆ ಚಪ್ಪಲಿ ಕಾಲಿಟ್ಟು ಮುಚ್ಚಿದೆ.

"ಮೊಳೆ ಸಿಕ್ತಾವೆ ನೋಡ್ರಿ, ಇನ್ನೇನು" ಎಂದೆ.

"ಮೊಳೆ ಎಣಿಸ್ತಾ ಕೂತ್ರೆ ಮಳೆಗಾಲ ಬರ್ತತ್ರಿ. ನಾಳೆ ವರದಿ ಕಳಿಸಿಬಿಡ್ರಿ. ಬಡವ, ಬೀಡಿ ಸೇದಿ ಬಿಸಾಕಿದ, ಆಯ್ತು. ನಾನೇನು ಅವನ ಮ್ಯಾಲೆ ಸಿಟ್ಟು ಮಾಡಂಗಿಲ್ಲ."

"ಆಗ್ಲಿ ಬಿಡ್ರಿ, ನೋಡೋಣ."

"ನೋಡಾದೇನೈತ್ರಿ?" ನಕ್ಕರು. ಒಳ್ಳೆಯ ನಗು, ಎಲೆಯಡಿಕೆಯ ಘಮದ ನಗು. "ನಿನ್ನೆ ಮಂಡಿಪೇಟೆ ಕಡೆ ನಮ್ಮ ಆಳು ಹೋಗಿದ್ದ. ನಿಮ್ಮ ಮನೆಯವ್ರು ಬಾವಿ ಕಟ್ಟೆ ಮ್ಯಾಲೆ ಒಬ್ರೇ ನೀರು ಸೇದ್ತಿದ್ರಂತೆ. ಕಟ್ಟೆ ಬಾಳ ಸಣ್ಣದು ಅಂದ. ಹುಷಾರಾಗಿರಾಕೆ ಹೇಳ್ರಿ, ಕಾಲು ಜಾರ್ತತೆ."

ಮರುಳಸಿದ್ದಮ್ಮ ಎಷ್ಟು ಬೈದರೂ ಸರಿ, ಅವಳಿಲ್ಲದ ಮನೆ ನನಗೆ ಬೇಡ.

"ಮಕ್ತುಮನ್ನ ನಾನೇ ನೋಡ್ಕಂತೀನಿ" ಎಂದರು ಮತ್ತೆ. "ನನ್ನ ಅನ್ನ ತಿಂದೋನು. ಸಂಜಿಗೆ ಕಾರು ಕಳಿಸಿ ದವಾಖಾನೆಯಿಂದ ನಮ್ಮ ತೋಟದ ಮನಿಗೆ ತರಿಸ್ತೀನಿ. ವೈದ್ಯರು ಅಲ್ಲಿಗೇ ಬರ್ತಾರೆ. ನೀವೂ ಹೂಂ ಅಂದಿದ್ದೀರಿ ಅಂತ ಡಾಕ್ಟರಿಗೆ ಹೇಳ್ಲಾ?"

ಬಾವಿ ಕಟ್ಟೆಯ ಮಾತು ಇನ್ನೂ ಕಿವಿಯಲ್ಲಿತ್ತು. "ಹೂಂ, ಹೇಳ್ರಿ" ಎಂದುಬಿಟ್ಟೆ.

ಅವರು ಹೋದ ಮೇಲೆ ಆ ಹೂಂ ಎಂಬ ಅಕ್ಷರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಚಿಲಕ ಹಾಕಿದವನ ಮುಖ ಕಂಡಿದ್ದರೆ ಅದು ಒಳಗಿದ್ದವನಿಗೆ ಮಾತ್ರ. ಅವನನ್ನೇ ತೋಟದ ಮನೆಗೆ ಒಯ್ಯುತ್ತಾರೆ, ನಾನೇ ಅಪ್ಪಣೆ ಕೊಟ್ಟಿದ್ದೇನೆ.

ಸಂಜೆಗೆ ಇನ್ನೂ ಹೊತ್ತಿತ್ತು. ಬಾಡಿಗೆ ಕಾರಿನ ರೌಫನಿಗೆ ಕಾಯಲು ಹೇಳಿ ನಾನು ಹೊಳೆಗೆ ಇಳಿದೆ.

ಬೇಸಿಗೆಯಲ್ಲಿ ತುಂಗಭದ್ರೆ ಒಂದು ಮಗ್ಗುಲಿಗೆ ಸರಿದುಕೊಂಡು ಉಳಿದದ್ದೆಲ್ಲ ಮರಳು. ಆ ಮರಳಲ್ಲಿ ಅಂಬಿಗರು ಸೌತೆ, ಕಲ್ಲಂಗಡಿ ಹಾಕುತ್ತಾರೆ. ಅಜ್ಜಯ್ಯ ತನ್ನ ಸೌತೆ ಬಳ್ಳಿಗಳ ನಡುವೆ ಕೂತಿದ್ದ. ನೀರು ಹಾಕುತ್ತಿರಲಿಲ್ಲ, ಕಳೆ ಕೀಳುತ್ತಿರಲಿಲ್ಲ, ಸುಮ್ಮನೆ ಕೂತಿದ್ದ. ಹುಟ್ಟು ಹಾಕಿ ಹಾಕಿ ಹಲಗೆಯಂತಾದ ಹೆಗಲು ಒಂದೇ ವಾರದಲ್ಲಿ ಇಳಿದುಹೋಗಿತ್ತು.

"ಬರ್ರಿ ಸಾಹೇಬ್ರೆ, ಕೂಡ್ರಿ. ಸೌತೆಕಾಯಿ ತಿಂತೀರೇನ್ರಿ?"

"ಕಾಯಿ ಆಮೇಲೆ. ಗಂಗವ್ವನ ಕಣ್ಣು ಎಲ್ಲಿಟ್ಟೀಯಪ್ಪ ಅಜ್ಜಯ್ಯ?"

ಅವನ ಕೈಯ ಕಾಯಿ ಮರಳಿಗೆ ಬಿತ್ತು.

"ಯಾವ ಕಣ್ಣು ಸಾಹೇಬ್ರೆ?"

"ಮೊಳೆ ಅದಾವೆ, ಬಳೆ ಅದಾವೆ, ಸರಪಳಿ ಐತೆ. ಕಣ್ಣಿಲ್ಲ. ನೀನು ಕೀಳದೆ ಇನ್ಯಾರು ಕೀಳ್ತಾರೆ?"

"ನನಗೇನ್ ಗೊತ್ರಿ? ಯಾರಾರ ಕದ್ದಿರ್ಬೇಕು."

"ಹೊಳೆ ಕಡೆ ಮುಖ ಮಾಡಿ ಅದೇ ಮಾತು ಹೇಳು. ಗಂಗವ್ವನಾಣೆ ಅನ್ನು. ನಾನು ಎದ್ದು ಹೋಗ್ತೀನಿ."

ಅಜ್ಜಯ್ಯ ಹೊಳೆಯ ಕಡೆ ತಿರುಗಿದ. ಮತ್ತೆ ಈ ಕಡೆ ಹೊರಳಿ ಬಳ್ಳಿಯ ಬುಡದ ಮರಳನ್ನು ಎರಡೂ ಕೈಯಿಂದ ತೋಡತೊಡಗಿದ. ಸಣ್ಣ ಕುಡಿಕೆ ಹೊರಬಂತು. ಅದರೊಳಗೆ ಅರಿಶಿನದ ಬಟ್ಟೆ, ಬಟ್ಟೆಯೊಳಗೆ ಹಿತ್ತಾಳೆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

"ಹೊಸ ನೀರು ಬರ್ಲಿ, ಬಿಡ್ತೀನಿ ಅಂತ ಇಟ್ಟಿದ್ದೆ" ಎಂದ. ಆಮೇಲೆ ಅವನನ್ನು ಕೇಳಬೇಕಾಗಲೇ ಇಲ್ಲ. "ಬಸ್ಸು ಬಂದ ಮ್ಯಾಲೆ ದೋಣಿ ಯಾರು ಹತ್ತಾರ್ರಿ? ವಾಮದೇವಪ್ಪ ಧಣೇರು ಕರೆದ್ರು. ಮುರುಕು ದೋಣಿ ಸುಟ್ಟಾಕು ಅಜ್ಜಯ್ಯ, ಕಂಪ್ನಿ ರೊಕ್ಕ ಬಂದ್ರೆ ಹೊಸಾ ದೋಣಿ ಕಟ್ಟಿಸ್ತೀನಿ, ಇಲ್ಲಾಂದ್ರೆ ಗುತ್ತಿಗೇನೇ ಬಿಡ್ತೀನಿ ಅಂದ್ರು. ಕೇರಿಗೆ ಕೇರಿ ಉಪಾಸ ಬೀಳ್ತತಲ್ರಿ?"

"ಅದಕ್ಕೆ ಹೂಂ ಅಂದೆ."

"ಹೂಂ ಅಂದೆ." ಆ ಶಬ್ದ ನನಗೂ ಚುಚ್ಚಿತು. "ಮಗ ಬ್ಯಾಡ ಅಂದ. ದುಗ್ಗಪ್ಪ ಅಂತ, ಒಬ್ನೇ ಮಗ. ಸಣ್ಣಾವಿದ್ದಾಗ ದೋಣಿ ಸರಪಳಿಗೆ ಸಿಕ್ಕಿ ಎಡಗಾಲಿನ ಕಿರುಬೆರಳು ಹೋತು, ಆದ್ರೂ ದೋಣಿ ಅಂದ್ರೆ ಪ್ರಾಣ ಅವನಿಗೆ. ಹೆತ್ತ ತಾಯಿಗೆ ಕೊಳ್ಳಿ ಇಡ್ತೀಯೇನಪ್ಪ ಅಂತ ಎದುರು ನಿಂತ. ಸಿಟ್ಟಾಗೆ ಕಪಾಳಕ್ಕೆ ಹೊಡ್ದೆ. ಬುತ್ತೀನೂ ಕಟ್ಟಿಸ್ಕಳ್ದೆ ಲಕ್ಕವಳ್ಳಿ ಡ್ಯಾಮಿನ ಕೆಲಸಕ್ಕೆ ಹೋಗಿಬಿಟ್ಟ. ಹೋಗ್ಲಿ, ಈ ಪಾಪ ನೋಡದಂಗೆ ಅಲ್ಲೇ ಚೆಂದಾಗಿರ್ಲಿ."

"ಶುಕ್ರವಾರ ಏನಾಯ್ತು?"

"ಮಕ್ತುಮ ನಮಾಜಿಗೆ ಹೋಗಿದ್ದ. ಅವ ಇಲ್ಲದ ಹೊತ್ತೇ ನೋಡ್ಕಂಡು ಒಳಗೆ ಹೋದೆ. ಎರಡು ದೋಣಿ ಕಣ್ಣು ಕಿತ್ತೆ. ಮೂರನೇದು ನಮ್ಮಪ್ಪನ ಕೈಯಾಗಿನ ಮೊಳೆ, ಬರ್ಲಿಲ್ಲ. ನಮಾಜು ಮುಗೀತತೆ ಅಂತ ಜೀವ ಹೊಡ್ಕಣಾಕೆ ಹತ್ತಿತ್ತು. ತಾಯಿ, ಕಣ್ಣು ಮುಚ್ಕಳವ್ವಾ ಅಂತ ಕೈ ಮುಗಿದು ಹೊರಗೆ ಬಂದೆ. ಹಿತ್ಲಾಗೆ ಹೋಗಿ ಸೋಗೆಗೆ ಕಡ್ಡಿ ಗೀರಿದೆ. ಹಿಂಗೆ ಮುಂದಕ್ಕೆ ಬಂದು ಈ ಕಡೆ ಹೊಳೆಗೆ ಇಳಿದೆ."

"ಬಾಗಿಲು?"

"ಬಾಗ್ಲು ಏನ್ರಿ?"

"ಹೊರಗೆ ಚಿಲಕ ಹಾಕಿತ್ತು, ಅಜ್ಜಯ್ಯ. ಯಾರು ಹಾಕಿದ್ರು?"

ಅವನು ನನ್ನನ್ನೇ ನೋಡಿದ. ನಂತರ ತನ್ನ ಬಲಗೈಯನ್ನು ನೋಡಿಕೊಂಡ, ಅದು ಬೇರೆ ಯಾರದೋ ಕೈ ಎಂಬಂತೆ.

"ನಾಯಿ ನುಗ್ತಾವಂತ... ಯಾವಾಗ್ಲೂ ಬರುವಾಗ ಎಳೆದು ಸಿಕ್ಕಿಸಿ ಬರ್ತೀನ್ರಿ. ಹುಟ್ಟಿದಾಗಿಂದ ಅದೇ ರೂಢಿ." ಆ ಕೈಯನ್ನು ಮರಳಿಗೆ ಒತ್ತಿದ. "ಅವತ್ತೂ ಹಾಕಿದ್ನೇನ್ರಿ? ಬೆಂಕಿ ಇಟ್ಟ ಮನಿಗೂ ಚಿಲಕ ಹಾಕಿದ್ನಾ ನಾನು?"

ಅವನು ಹಿತ್ತಲಲ್ಲಿ ಕಡ್ಡಿ ಗೀರುವಷ್ಟರಲ್ಲಿ ಮುಂಬಾಗಿಲಿಂದ ಯಾರೋ ಒಳಗೆ ಹೋಗಿದ್ದರು. ಇವನು ಬಂದು, ಒಳಗೆ ನೋಡದೆ, ರೂಢಿಯ ಕೈಯಿಂದ ಚಿಲಕ ಸಿಕ್ಕಿಸಿ ಹೋಗಿದ್ದ.

"ಮಕ್ತುಮ ನಮಾಜಿಂದ ಬೇಗ ಬಂದ್ಬಿಟ್ಟ ಕಾಣ್ತತೆ" ಎಂದು ಅಜ್ಜಯ್ಯ ಎದೆ ಬಡಿದುಕೊಂಡ. "ನನ್ನ ಜತೆ ಒಂದೇ ದೋಣಿಯಾಗೆ ಬುತ್ತಿ ಉಂಡೋನ್ರಿ. ದವಾಖಾನಿಗೆ ಹೋಗಿ ಮುಖ ಹೆಂಗೆ ತೋರಿಸ್ಲಿ?"

ನನ್ನ ತಲೆಯಲ್ಲಿ ಬೇರೆಯೇ ಒಂದು ಮುಳ್ಳು ಆಡುತ್ತಿತ್ತು. ಎರಡು ಜೋಡಿ ಕುಡಿಕೆಯಲ್ಲಿವೆ. ಮೂರನೆಯ ಜೋಡಿ ಮೂತಿಯಲ್ಲೇ ಉಳಿಯಿತು ಎನ್ನುತ್ತಾನೆ. ಬೂದಿಯಲ್ಲಿ ಅದೂ ಇಲ್ಲ. ಒಳಗೆ ಹೋದ ಮನುಷ್ಯ ಅದನ್ನು ಕಿತ್ತನೇ? ಮಕ್ತುಮ್ ಸಾಬ್ ಬೆಂಕಿಯಲ್ಲಿ ನಿಂತು ಗಂಗವ್ವನ ಕಣ್ಣು ಯಾಕೆ ಕೀಳುತ್ತಾನೆ?

ತಲೆಯೆತ್ತಿದೆ. ದಂಡೆಯ ಮೇಲೆ ಕಪ್ಪು ಕೊಡೆ ಹಿಡಿದವನೊಬ್ಬ ನಿಂತು ನಮ್ಮನ್ನೇ ನೋಡುತ್ತಿದ್ದ. ವಾಮದೇವಪ್ಪನವರ ಆಳು. ನಾನು ನೋಡಿದ್ದು ಕಂಡ ಕೂಡಲೇ ಕೊಡೆ ಮಡಚಿ ಬಿರಬಿರನೆ ಊರ ಕಡೆ ನಡೆದ. ಕುಡಿಕೆಯನ್ನೂ ಅವನು ನೋಡಿರಬೇಕು.

"ಏಳಪ್ಪ ಅಜ್ಜಯ್ಯ, ಏಳು! ಧಣೇರು ಸಂಜೆಯವರೆಗೂ ಕಾಯೋದಿಲ್ಲ. ಮಕ್ತುಮ್ ಸಾಬನ್ನ ಈಗಲೇ ಒಯ್ತಾರೆ."

"ನಾನೂ ಬರ್ತೀನ್ರಿ" ಎಂದ. ಎಳೆಯ ಸೌತೆಕಾಯಿ ಒಂದಷ್ಟು ಟವೆಲಿನಲ್ಲಿ ಕಟ್ಟಿಕೊಂಡ. "ಬರಿಗೈಯಾಗೆ ಹೋಗಬಾರ್ದು. ಅವನ ಕಾಲಿಗೆ ಬೀಳ್ತೀನಿ. ಒದ್ರೆ ಒದಿಲಿ. ಆಮ್ಯಾಲೆ ಪೋಲಿಸರ ಮುಂದೆ ಎಲ್ಲಾ ಹೇಳ್ತೀನಿ, ನೀವು ಕರಕಂಡು ಹೋದ ಕಡೆ ಬರ್ತೀನಿ."

ರೌಫ್ ಕಾರು ಓಡಿಸಿದ. ಅದನ್ನು ಓಡುವುದು ಎನ್ನಬೇಕೋ ಕೆಮ್ಮುವುದು ಎನ್ನಬೇಕೋ. ದಾರಿಯಲ್ಲಿ ರೈಲ್ವೆ ಗೇಟು ಬೇರೆ ಹಾಕಿತ್ತು. ಗೂಡ್ಸ್ ಗಾಡಿ ಒಂದೊಂದೇ ಡಬ್ಬಿ ತೋರಿಸುತ್ತ ಸಾವಕಾಶವಾಗಿ ಹೋಯಿತು. ನಾನು ಕಿಟಕಿಯಿಂದ ತಲೆ ಹಾಕಿ ಗೇಟಿನವನನ್ನು ಬೈದೆ, ರೈಲನ್ನು ಬೈದೆ, ಕೊನೆಗೆ ನನ್ನನ್ನೇ ಬೈದುಕೊಂಡೆ. ಅಜ್ಜಯ್ಯ ಹಿಂದಿನ ಸೀಟಿನಲ್ಲಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದ.

"ಅಲ್ಲಾ ದೊಡ್ಡೋನು ಸಾಬ್, ಏನಾಗಲ್ಲ" ಎಂದ ರೌಫ್. ಗೇಟು ಏಳುವ ಮೊದಲೇ ಗೇರ್ ಹಾಕಿದ.

ದವಾಖಾನೆಯ ಮುಂದೆ ವಾಮದೇವಪ್ಪನವರ ಕರಿ ಕಾರು ಆಗಲೇ ನಿಂತಿತ್ತು. ಹಿಂದಿನ ಬಾಗಿಲು ತೆರೆದು, ಸೀಟಿನ ಮೇಲೆ ಕಂಬಳಿ ಹಾಸಿ, ಡ್ರೈವರು ಬೀಡಿ ಸೇದುತ್ತಿದ್ದ.

"ರೌಫ್, ಆ ಕಾರಿನ ಮುಂದೆ ನಿನ್ನ ಗಾಡಿ ಅಡ್ಡ ಹಾಕು. ಸ್ಟಾರ್ಟ್ ಆಗ್ತಿಲ್ಲ ಅನ್ನು. ನಿನ್ನ ಗಾಡಿಗೆ ಅದು ಸುಳ್ಳೂ ಅಲ್ಲ" ಎಂದು ಇಳಿದು ಓಡಿದೆ. ಅಜ್ಜಯ್ಯನ ಮೊಣಕಾಲು ಹಿಡಿದಿತ್ತು, ಹಿಂದೆ ಉಳಿದ.

ಕೊನೆಯ ಕೋಣೆ. ಬಾಗಿಲು ತಳ್ಳಿದೆ.

ಹಾಸಿಗೆ ಖಾಲಿಯಿರಲಿಲ್ಲ! ತಲೆಯಿಂದ ಸೊಂಟದವರೆಗೆ ಬಟ್ಟೆ ಸುತ್ತಿದ ದೇಹ ಅಲ್ಲೇ ಇತ್ತು, ಉಸಿರು ಸಣ್ಣಗೆ ಆಡುತ್ತಿತ್ತು. ಗೋಡೆಗೆ ಒರಗಿ ಉಸ್ಸೆಂದೆ. ಬದುಕಿದೆಯಾ ಮುರುಗೇಶಪ್ಪ ಎಂದುಕೊಂಡೆ.

ಸೊಳ್ಳೆಪರದೆ ಮೇಲಕ್ಕೆ ಕಟ್ಟಿತ್ತು. ಮಾಬೂಬೀ ಮಾತ್ರ ಹಾಸಿಗೆಯ ಹತ್ತಿರ ಇರಲಿಲ್ಲ. ಮೂಲೆಯಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಕಂಪೌಂಡರ್ ಅಮೀರ್ ಜಾನ್ ಡ್ರೆಸ್ಸಿಂಗ್ ತಟ್ಟೆ ಹಿಡಿದು ನಿಂತಿದ್ದ.

"ಯಾಕಮ್ಮ? ಹೆದರಬ್ಯಾಡ, ಒಯ್ಯೋಕೆ ನಾನು ಬಿಡೋದಿಲ್ಲ."

"ಒಯ್ಲಿ ಬಿಡ್ರಿ ಸಾಬ್" ಎಂದಳು. "ಇವತ್ತು ಹತ್ರ ಬಿಟ್ರು. ಕಾಲು ಒತ್ತೋಣ ಅಂತ ಕೂತೆ. ಇದು ನನ್ನ ಗಂಡ ಅಲ್ಲ ಸಾಬ್."

"ಏನಂದೆ?"

"ಇಷ್ಟು ವರ್ಷ ಒತ್ತಿದ ಕಾಲು ನನಗೆ ಗೊತ್ತಾಗಲ್ವಾ? ಇದು ಯಾರೋ ಸಣ್ಣ ವಯಸ್ಸಿನ ಹುಡುಗ. ನನ್ನ ಗಂಡ ಎಲ್ಲಿ ಸಾಬ್? ಶುಕ್ರವಾರದಿಂದ ನನ್ನ ಗಂಡ ಎಲ್ಲಿದಾರೆ?"

ನಮಾಜಿನಿಂದ ಮರಳಿ ಉರಿ ಕಂಡವನು, ತನ್ನ ತಲೆಗೇ ಕಟ್ಟುತ್ತಾರೆಂದು ಹೆದರಿ ಎಲ್ಲೋ ಅಡಗಿರಬೇಕು ಎನ್ನುವಷ್ಟರಲ್ಲಿ ಅಮೀರ್ ಜಾನ್ ತಟ್ಟೆಯನ್ನು ನನ್ನ ಮುಂದೆ ಹಿಡಿದ. "ಬಲಗೈ ಮುಷ್ಟಿ ಬಿಚ್ಚೋಕೇ ಕೊಟ್ಟಿರ್ಲಿಲ್ಲ ಸಾಬ್. ಇವತ್ತು ಡ್ರೆಸ್ಸಿಂಗ್ ಮಾಡುವಾಗ ತಾನಾಗೇ ಸಡಿಲ ಆಯ್ತು. ಒಳಗೆ ಇವು ಇದ್ವು."

ಹತ್ತಿಯ ಮೇಲೆ ಎರಡು ಹಿತ್ತಾಳೆ ಕಣ್ಣುಗಳು. ಒಂದರಲ್ಲಿ ಹಳೆಯ ಕಾಲದ ಮೊಳೆ ಇನ್ನೂ ಸಿಕ್ಕಿಕೊಂಡಿತ್ತು.

ನನಗೆ ನೋಡುವುದು ಬೇಡವಾಗಿತ್ತು. ಆದರೂ ಹಾಸಿಗೆಯ ಕೊನೆಗೆ ಹೋಗಿ ಹೊದಿಕೆ ಎತ್ತಿದೆ. ಬೆಂಕಿ ತಾಕದ ಎರಡು ಎಳೆಯ ಪಾದಗಳು. ಎಡಗಾಲಿನಲ್ಲಿ ಕಿರುಬೆರಳು ಇರಲಿಲ್ಲ.

ಲಕ್ಕವಳ್ಳಿಗೆ ಹೋದನೆಂದುಕೊಂಡ ಹುಡುಗ ಹೋಗಿರಲಿಲ್ಲ. ಅಪ್ಪನ ಪಾಪ ಅಷ್ಟಾದರೂ ಕಡಿಮೆಯಾಗಲಿ ಎಂದು ಬೆಂಕಿಯೊಳಗೆ ನಿಂತು ತಾಯಿಯ ಕಣ್ಣು ಕಿತ್ತಿದ್ದ. ನನ್ನ ಕಣ್ಣು ತುಂಬಿತು, ಹೊದಿಕೆಯನ್ನು ಎಳೆದು ಪಾದ ಮುಚ್ಚಿದೆ.

ಹೊರಗೆ ಜಗಲಿಯಲ್ಲಿ ಕುಂಟು ಹೆಜ್ಜೆಯ ಸದ್ದು ಹತ್ತಿರವಾಯಿತು. ಓಡಿ ಹೋಗಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತೆ. ಹುಟ್ಟಿದಾಗಿನಿಂದ ನಾನು ಯಾರಿಗೂ ಹೀಗೆ ಅಡ್ಡ ನಿಂತವನಲ್ಲ.

ಅಜ್ಜಯ್ಯ ಟವೆಲಿನ ಗಂಟನ್ನು ಎದೆಗೆ ಒತ್ತಿಕೊಂಡು ನನ್ನ ಮುಂದೆ ನಿಂತಿದ್ದ.

"ಅತ್ತಾಗೆ ಸರೀರಿ ಸಾಹೇಬ್ರೆ" ಎಂದ ಮೆಲ್ಲಗೆ. "ಒಂದು ಸಲ ಅವನ ಕಾಲು ಮುಟ್ಟಿಬಿಡ್ತೀನಿ."